ರಾಕ್ ಬ್ಯಾಂಡಿಗೆ ಬಂದ ಶರೀಫರ ಪದಗಳು

ಕನ್ನಡದ ರಾಕ್ ಸಂಗೀತಕ್ಕೆ ಗಟ್ಟಿಯಾದ ಸಾಹಿತ್ಯ ಸಿಕ್ಕಿದ್ದು ಶಿಶುನಾಳ ಶರೀಫರಿಂದ (1819–1889). ಬೆಂಗಳೂರಿನ ಬ್ಯಾಂಡ್‌ಗಳು ಬಹುಕಾಲ ಇಂಗ್ಲಿಷಿನಲ್ಲೇ ಹಾಡಿದವು. 1996ರಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ಮುಖ್ಯವಾಗಿ ಆ ದಾರಿಯದೇ. 2008ರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಂ ಬಂದಾಗ ಅದರ ಎಂಟು ಹಾಡುಗಳಲ್ಲಿ ಎರಡು ಶರೀಫರವು: ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’. 2013ರ ಎರಡನೆಯ ಆಲ್ಬಂ ‘ಜಗ್ ಚಂಗಾ’ದಲ್ಲಿ ‘ಲೋಕದ ಕಾಳಜಿ’, ‘ಕೋಡಗನ ಕೋಳಿ ನುಂಗಿತ್ತ’ ಸೇರಿದವು.

ಈ ಪದಗಳ ತವರು ಹುಬ್ಬಳ್ಳಿ ಸೀಮೆ. ಹುಬ್ಬಳ್ಳಿ-ಧಾರವಾಡ ಅವಳಿನಗರದ ನಡುವೆ ಸೇರಿಹೋದ ಅಮರಗೋಳದಿಂದ ಶರೀಫರ ಊರಾದ ಶಿಶುನಾಳ ದೂರವೇನಲ್ಲ. ಈ ಭಾಗದ ಭಜನಿ ಮೇಳಗಳಲ್ಲಿ ಏಕತಾರಿ, ದಮ್ಮಡಿ, ತಾಳ, ಪೇಟಿಗಳ ಜೊತೆ ಮುಂದಿನವರು ಒಂದು ನುಡಿ ಹೇಳಿದರೆ ಹಿಂದಿನವರು ಪಲ್ಲವಿ ಎತ್ತಿಕೊಳ್ಳುತ್ತಾರೆ. ಪಲ್ಲವಿ ಮರಳಿ ಬಂದಷ್ಟೂ ನುಡಿಯ ಒಗಟು ಬಿಚ್ಚುತ್ತ ಹೋಗುತ್ತದೆ. ಹಳೇ ಮೈಸೂರಿನವರಿಗೆ ಇವನ್ನು ಮನೆಮಾತಾಗಿಸಿದ್ದು ಸಿ. ಅಶ್ವತ್ಥ್ ಅವರ ಸಂಯೋಜನೆ; 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಅದನ್ನು ಇನ್ನಷ್ಟು ಹರಡಿತು.

ರಘು ದೀಕ್ಷಿತ್ ಪ್ರಾಜೆಕ್ಟ್ ಕಂಡುಕೊಂಡದ್ದು ಈ ಪಲ್ಲವಿಯ ಬಲವನ್ನು. ರಘು ದೀಕ್ಷಿತರ ತೆರೆದ ಕಂಠ ಅದಕ್ಕೆ ಹೇಳಿಮಾಡಿಸಿದಂತಿದೆ. ಗಿಟಾರಿನ ಮೀಟು, ಪಿಟೀಲಿನ ಓಟಕ್ಕೆ ಸಭೆಯೇ ಹಿಮ್ಮೇಳವಾಗುತ್ತದೆ. ‘ಗುಡುಗುಡಿ’ಯಲ್ಲಿ ಈ ಉತ್ಸಾಹ ಸರಿಯಾಗಿಯೇ ಕೂಡುತ್ತದೆ: ಮನಸ್ಸು, ಬುದ್ಧಿಗಳನ್ನು ಸೇದುವ ಸಾಮಾನುಗಳಾಗಿ ಕಾಣಿಸುವ ಆ ಪದದಲ್ಲೇ ಒಂದು ಅಮಲಿದೆ. ‘ಸೋರುತಿಹುದು’ ಹಾಗಲ್ಲ. ಅಲ್ಲಿ ಮಾಳಿಗೆಯೆಂದರೆ ದೇಹ, ಸೋರಿಕೆಗೆ ಕಾರಣ ಅಜ್ಞಾನ. ಮಳೆಗಾಲದ ಕತ್ತಲಲ್ಲಿ ಮಣ್ಣಿನ ಮಾಳಿಗೆ ಕುಸಿಯುವ ಭಯ ಗೊತ್ತಿದ್ದವರಿಗೆ ಅದು ಕುಣಿಯುವ ಹಾಡಲ್ಲ. ರಾಕ್ ರೂಪದಲ್ಲಿ ಆ ದಿಗಿಲು ಲಯದ ಸಂಭ್ರಮದಲ್ಲಿ ಕರಗುತ್ತದೆ. ಇದು ಸಣ್ಣ ನಷ್ಟವಲ್ಲ.

ಪಶ್ಚಿಮದ ರಾಕ್‌ನಲ್ಲಿ, ಅದರಲ್ಲೂ 1980ರ ದಶಕದಲ್ಲಿ ವಾಷಿಂಗ್ಟನ್‌ನಲ್ಲಿ ಮೊಳೆತ ಎಮೋ ಪ್ರಕಾರದಲ್ಲಿ, ಹಾಡುಗಾರ ತನ್ನ ನೋವನ್ನೇ ತೋಡಿಕೊಳ್ಳುತ್ತಾನೆ. ಶರೀಫರು ತಂಗಿಯನ್ನೋ ಗೆಳೆಯನನ್ನೋ ಎದುರಿಗೆ ಕೂರಿಸಿಕೊಂಡು ಮಾತಾಡುತ್ತಾರೆ. ಹೀಗಾಗಿ ಕನ್ನಡದ ಬ್ಯಾಂಡಿಗೆ ಆತ್ಮನಿವೇದನೆಯ ಭಾರವಿಲ್ಲ; ಕೇಳುಗನೇ ಹಾಡಿನೊಳಗಿನ ಪಾತ್ರ. ಸಾವಿರಾರು ಜನರ ಎದುರು ಈ ಪದಗಳು ಸಲೀಸಾಗಿ ನಿಲ್ಲುವುದಕ್ಕೆ ಅದೇ ಮುಖ್ಯ ಕಾರಣ.

ಆದರೂ ಆಯ್ಕೆ ತೀರ ಇಕ್ಕಟ್ಟಿನದು. ಶರೀಫರ ನೂರಾರು ಪದಗಳಿರುವಾಗ ಬ್ಯಾಂಡ್ ಎತ್ತಿಕೊಂಡದ್ದು ಅಶ್ವತ್ಥರಿಂದ ಆಗಲೇ ಜನಪ್ರಿಯವಾದ ಬಳಗದಿಂದಲೇ. ಮೊದಲೆರಡು ಆಲ್ಬಂಗಳಲ್ಲಿ ಹಿಂದಿಯ ಪಾಲು ದೊಡ್ಡದು. ಹತ್ತು ವರ್ಷದಷ್ಟು ಕಾದ ಮೇಲೆ ಬಂದ ಮೂರನೆಯದಕ್ಕೂ ‘ಶಕ್ಕರ್’ ಎಂಬ ಹಿಂದಿ ಹೆಸರೇ. ಉಚ್ಚಾರದಲ್ಲಿ ಧಾರವಾಡದ ಗಡಸು ಸವೆದು ಮೈಸೂರಿನ ನುಣುಪು ಬಂದಿದೆ. ಮೊದಲೆರಡು ಆಲ್ಬಂಗಳು ಬಿಟ್ಟುಬಿಟ್ಟ ಪದಗಳಲ್ಲಿ ‘ಗಿರಣಿ ವಿಸ್ತಾರ ನೋಡಮ್ಮ’ವೂ ಒಂದು. ಯಂತ್ರದ ಗಾಲಿಗಳನ್ನು ನೋಡುತ್ತಲೇ ದೇಹತತ್ವ ಹೇಳುವ ಈ ಪದಕ್ಕೆ ಡ್ರಮ್ಸ್, ಬೇಸ್ ಗಿಟಾರ್‌ಗಳ ಬಿಡುವಿಲ್ಲದ ಬಡಿತ ಮೇಲಿಂದ ಹಚ್ಚಿದ ಅಲಂಕಾರವಾಗದೆ ಅರ್ಥದ ಭಾಗವೇ ಆಗಬಲ್ಲದು.