ಮುಂದೇನಾತು ಅಂತ ಕೇಳುವವರಿಗೆ

ನಮ್ಮೂರು ತೆಂಗಳಿಯ ಕಟ್ಟೆಯ ಮೇಲೆ ಸಿನಿಮಾದ ಮಾತು ಬಂದರೆ ಪ್ರಶ್ನೆ ಎರಡೇ: ಕಲೆಕ್ಷನ್ ಎಷ್ಟು, ಕೊನೆಗೆ ಏನಾತು? ಹೀರೋ ಬರುವ ದೃಶ್ಯವನ್ನು ಮೊಬೈಲಿನಲ್ಲಿ ಹಿಡಿದು ಸ್ಟೇಟಸ್ಸಿಗೆ ಹಾಕಿದರೆ ಸಿನಿಮಾ ನೋಡಿದಂತೆ. ಇಂಥವರನ್ನು ಕೂರಿಸಿ ‘ಕನಸೆಂಬೋ ಕುದುರೆಯನೇರಿ’ ತೋರಿಸಿದೆ. ವೈಜನಾಥ ಬಿರಾದಾರರ ಮುಖ ಕಂಡದ್ದೇ ನಗೆ ಶುರು; ಕಾಮಿಡಿ ಪಾತ್ರಗಳಲ್ಲಿ ನೋಡಿದ ರೂಢಿ. ಅರ್ಧಕ್ಕೇ ಎದ್ದವರು ಹೇಳಿದ್ದು, ‘ತೋರಿಸಿದ್ದೇ ತೋರಿಸ್ತಾರ್ರೀ, ಸ್ಟೋರಿ ಏನಿಲ್ಲ.’

ತೋರಿಸಿದ್ದನ್ನೇ ತೋರಿಸುವುದರಲ್ಲಿಯೇ ಆ ಚಿತ್ರದ ಜೀವವಿದೆ.

ನಮ್ಮ ಸೀಮೆಯವರೇ ಆದ ಅಮರೇಶ ನುಗಡೋಣಿಯವರ ‘ಸವಾರಿ’ ಕತೆಯನ್ನು ಗಿರೀಶ ಕಾಸರವಳ್ಳಿ ಚಿತ್ರ ಮಾಡಿದರು; ಅದರ ಚಿತ್ರಕಥೆಗೆ ರಾಷ್ಟ್ರಪ್ರಶಸ್ತಿ ಬಂತು. ಬಿರಾದಾರರ ಪಾತ್ರ ಈರ್ಯಾ, ಹೆಣಕ್ಕೆ ಕುಣಿ ತೋಡುವವನು. ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲಿ ಸಾವು ಎಂಬುದು ಅವನ ನಂಬಿಕೆ. ಒಂದು ದಿನ ಸಿದ್ಧ ಬರುತ್ತಾನೆ; ಈರ್ಯಾ ಗೌಡರ ಮನೆಗೆ ಹೋದರೆ ಯಾರೂ ಸತ್ತಿಲ್ಲ ಅನ್ನುತ್ತಾರೆ. ಈರ್ಯಾ ಕುಸಿಯುತ್ತಾನೆ. ಆಮೇಲೆ ಚಿತ್ರ ಹಿಂದಕ್ಕೆ ಹೋಗಿ ಅದೇ ಹೊತ್ತನ್ನು ಮನೆಯ ಒಳಗಿನಿಂದ ಹೇಳುತ್ತದೆ. ಗೌಡ ಸತ್ತದ್ದು ನಿಜ. ಮನೆಯವರು ತಮ್ಮ ಲೆಕ್ಕಾಚಾರಕ್ಕೆ ಸಾವನ್ನು ಮುಚ್ಚಿಟ್ಟಿದ್ದಾರೆ.

ಇದನ್ನೇ ನೆಟ್ಟಗೆ ಹೇಳಿದ್ದರೆ? ಸಾವು ಮೊದಲೇ ಗೊತ್ತಾಗಿ, ಗುಟ್ಟು ಯಾವಾಗ ಹೊರಬೀಳುತ್ತದೋ ಎಂದು ಕಾಯುತ್ತಿದ್ದೆವು, ಈರ್ಯಾನ ಬಗ್ಗೆ ಎತ್ತರದಲ್ಲಿ ನಿಂತು ಮರುಕ ತೋರುತ್ತಿದ್ದೆವು. ಈಗ ಹಾಗಾಗುವುದಿಲ್ಲ. ಅವನಿಗೆ ಗೊತ್ತಿಲ್ಲದ್ದು ನಮಗೂ ಗೊತ್ತಿಲ್ಲ. ಬಡವನ ಕನಸು ಸುಳ್ಳು, ದೊಡ್ಡ ಮನೆಯ ಮಾತು ನಿಜ ಎಂದು ನಾವೂ ನಂಬಿಬಿಟ್ಟಿರುತ್ತೇವೆ. ಒಳಗಿನ ಸಂಗತಿ ತಿಳಿದಾಗ ಆ ಮನೆಯವರ ಜೊತೆಗೆ ನಾವೂ ಸಿಕ್ಕಿಬೀಳುತ್ತೇವೆ. ಕಥನದ ಕ್ರಮ ಅಂದರೆ ಇದು: ಯಾರಿಗೆ, ಯಾವಾಗ, ಎಷ್ಟು ಗೊತ್ತಾಗಬೇಕು ಎಂಬ ನಿರ್ಧಾರ.

ಆ ನಿರ್ಧಾರವೇ ಕ್ಯಾಮೆರಾ ನಿಲ್ಲುವ ಜಾಗವನ್ನೂ ಗೊತ್ತುಮಾಡುತ್ತದೆ. ಶಹಾಬಾದ ಕಲ್ಲಿನ ಮನೆಗಳಲ್ಲಿ ಬೆಳೆದವರಿಗೆ ನಾನಿದನ್ನು ಬಿಡಿಸಿ ಹೇಳಬೇಕೆ? ಏಪ್ರಿಲ್ ಮಧ್ಯಾಹ್ನ ಅಂಗಳದಲ್ಲಿ ನಿಂತವನಿಗೆ ಬಾಗಿಲೊಳಗೆ ಬರೀ ಕತ್ತಲೆ. ಒಳಗೆ ಕೂತವನಿಗೆ ಅಂಗಳದವನ ಹಣೆಯ ಬೆವರೂ ಕಾಣುತ್ತದೆ. ಹೊಸ್ತಿಲ ಯಾವ ಬದಿಗೆ ನಮ್ಮನ್ನು ನಿಲ್ಲಿಸಿದ್ದಾರೆ ಎಂದು ಪ್ರತಿ ದೃಶ್ಯದಲ್ಲೂ ನೋಡಿ. ‘ಫೋಟೋಗ್ರಫಿ ಮಸ್ತ್ ಅದ’ ಎಂದು ಜಲಪಾತದ ದೃಶ್ಯಕ್ಕೆ ತಲೆದೂಗುವುದು ಕ್ಯಾಲೆಂಡರ್ ನೋಡುವ ರಸಿಕತೆ.

ನನ್ನ ಕಣ್ಣು ತೆರೆಸಿದ್ದು ‘ಘಟಶ್ರಾದ್ಧ’ (1977). ಭಾನುವಾರದ ಮಧ್ಯಾಹ್ನ, ದೂರದರ್ಶನ, ಕಪ್ಪು ಬಿಳುಪು. ಬಸುರಿಯಾದ ವಿಧವೆ ಯಮುನಕ್ಕನ ಸುತ್ತ ಅಗ್ರಹಾರ ಪಿಸುಗುಟ್ಟುತ್ತದೆ. ಪಾಠಶಾಲೆಯ ಹುಡುಗ ನಾಣಿಗೆ ಅರ್ಧ ಮಾತ್ರ ಅರ್ಥವಾಗುತ್ತದೆ. ಅವನು ಕಂಡದ್ದರ ಅರ್ಥ ನಮಗೆ ಹೊಳೆಯುತ್ತದೆ, ಅವನಿಗೆ ಹೊಳೆಯುವುದಿಲ್ಲ. ಈರ್ಯಾನ ಚಿತ್ರದಲ್ಲಿ ನಮಗೂ ಪಾತ್ರಕ್ಕೂ ಒಂದೇ ಅಜ್ಞಾನ. ಇಲ್ಲಿ ಪಾತ್ರಕ್ಕಿಂತ ನಮಗೆ ಹೆಚ್ಚು ಗೊತ್ತು, ಗೊತ್ತಿದ್ದೂ ಕೈಲಾಗುವುದಿಲ್ಲ. ಎಸ್. ರಾಮಚಂದ್ರರ ಛಾಯಾಗ್ರಹಣದ ಆ ರಾತ್ರಿಗಳು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದರ ಪುನರುಜ್ಜೀವಿತ ಪ್ರತಿ ತೋರಿಸಿದರು. ನಮ್ಮ ಜಿಲ್ಲೆಯ ಪರದೆಗಳಿಗೂ ಅದು ಬರಬೇಕು.

‘ಕೆಜಿಎಫ್’ಗೆ ಸೀಟಿ ಹೊಡೆದವರೂ ಒಂದು ಕೇಳಿಕೊಳ್ಳಲಿ: ನಾಯಕ ರಾಕಿಯ ಕತೆಯನ್ನು ಅನಂತನಾಗ್ ಪಾತ್ರದ ಬಾಯಲ್ಲಿ ಯಾಕೆ ಹೇಳಿಸಿದರು? ಕಣ್ಣಿಗೆ ಕಂಡವನನ್ನು ಅಳೆಯಬಹುದು, ಬರೀ ಕಿವಿಗೆ ಬಿದ್ದವನನ್ನು ಅಳೆಯಲಾಗದು. ‘ಉಳಿದವರು ಕಂಡಂತೆ’ (2014) ಒಂದೇ ಘಟನೆಯನ್ನು ಹಲವರ ಕಣ್ಣಿಂದ ನೋಡುತ್ತದೆ. ಕುರೊಸಾವಾನ ‘ರಾಶೋಮಾನ್’ ನೋಡಿದವರಿಗೆ ಆ ದಾರಿ ಪರಿಚಿತ. ಯಾರ ಕಣ್ಣಿಂದ ಹೇಳುತ್ತಿದ್ದಾರೆ ಎಂಬುದನ್ನು ಮೊದಲು ಗಮನಿಸಿ; ಬಣ್ಣ, ಹಿನ್ನೆಲೆ ಸಂಗೀತ ಇವೆಲ್ಲ ಆಮೇಲೆ ತಾವೇ ಹಿಡಿತಕ್ಕೆ ಬರುತ್ತವೆ.

ಈರ್ಯಾನ ಚಿತ್ರವನ್ನು ಮೊದಲ ಸಲ ಕತೆಗಾಗಿ ನೋಡಿ, ಬೇಡ ಅನ್ನುವುದಿಲ್ಲ. ಎರಡನೇ ಸಲ ಈರ್ಯಾ ಗೌಡರ ಮನೆಗೆ ಬರುವಲ್ಲಿ ನಿಲ್ಲಿಸಿ, ಅದೇ ಭೇಟಿ ಒಳಗಿನಿಂದ ಬರುವ ದೃಶ್ಯವನ್ನು ಹುಡುಕಿ ಪಕ್ಕಕ್ಕಿಟ್ಟು ನೋಡಿ. ಆಮೇಲೆ ಕಟ್ಟೆಗೆ ಬನ್ನಿ, ಮಾತಾಡೋಣ.