ಮೇರಿ ಲೂ ವಿಲಿಯಮ್ಸ್: ವಾದ್ಯಯೋಜಕಿಯ ಸ್ಥಾನವಿವೇಚನೆ

ಜಾಝ್ ಸಂಗೀತದ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಅದನ್ನು ಮನೋಧರ್ಮವಾದಕರ ಇತಿಹಾಸವನ್ನಾಗಿಯೇ ಬರೆದಿದ್ದಾರೆ. ವೇದಿಕೆಯ ಮುಂದೆ ನಿಂತು ಟ್ರಂಪೆಟ್ ಊದಿದವನಿಗೆ ಸಂದ ಕೀರ್ತಿಯು, ಯಾವ ವಾದ್ಯವು ಎಲ್ಲಿ, ಯಾವ ಸ್ವರದಲ್ಲಿ ದನಿಗೂಡಬೇಕೆಂದು ಮೊದಲೇ ಬರೆದಿಟ್ಟ ವಾದ್ಯಯೋಜಕನಿಗೆ ಸಂದುದು ವಿರಳ. ಆ ವಾದ್ಯಯೋಜಕನು ಹೆಣ್ಣಾಗಿದ್ದರಂತೂ ಹೇಳತಕ್ಕದ್ದೇನು? ಮೇರಿ ಲೂ ವಿಲಿಯಮ್ಸ್ (1910-1981) ಅವರ ಸಾಧನೆಯನ್ನು ಅಳೆಯಹೊರಟಾಗ ಈ ಎರಡು ಅಸಮತೆಗಳನ್ನೂ ನಾವು ಮರೆಯಲಾಗದು.

ಅಟ್ಲಾಂಟದಲ್ಲಿ ಹುಟ್ಟಿ ಪಿಟ್ಸ್‌ಬರ್ಗಿನಲ್ಲಿ ಬೆಳೆದ ಇವರು, ಕ್ಯಾನ್ಸಸ್ ಸಿಟಿಯ ಆಂಡಿ ಕರ್ಕ್ ಅವರ ವಾದ್ಯವೃಂದದಲ್ಲಿ ಪಿಯಾನೋ ವಾದಕಿಯೂ ವಾದ್ಯಯೋಜಕಿಯೂ ಆಗಿ 1942ರವರೆಗೆ ದುಡಿದರು. ಈ ಘಟ್ಟದ ಕೃತಿಗಳಲ್ಲಿ 1936ರ ‘ವಾಕಿನ್ ಅಂಡ್ ಸ್ವಿಂಗಿನ್’ ವಿಶೇಷವಾಗಿ ಪರಿಶೀಲನಾರ್ಹ. ಇದರಲ್ಲಿ ಅವರು ಸ್ಯಾಕ್ಸೊಫೋನುಗಳ ಗುಂಪಿಗೆ ಒಂದು ಟ್ರಂಪೆಟ್ಟನ್ನು ಸೇರಿಸಿ, ಎರಡು ಜಾತಿಯ ವಾದ್ಯಗಳಿಂದ ಒಂದೇ ಬಣ್ಣದ ನಾದವನ್ನು ಹೊರಡಿಸುತ್ತಾರೆ. ಇದೇ ಕೃತಿಯ ಒಂದು ಸ್ವರಗುಚ್ಛವು ಮುಂದೆ ಥೆಲೋನಿಯಸ್ ಮಂಕ್ ಅವರ ‘ರಿದಮ್-ಎ-ನಿಂಗ್’ನಲ್ಲಿ ಕೇಳಿಬರುತ್ತದೆ. ಮಂಕರ ರಚನೆಯನ್ನು ಬಲ್ಲವರು ಹಲವರು, ಅದರ ಮೂಲವನ್ನು ಬಲ್ಲವರು ಕೆಲವರೇ. ವಾದ್ಯಯೋಜಕಿಯ ದುಡಿಮೆ ಹೇಗೆ ಪರರ ಹೆಸರಿನಲ್ಲಿ ಕರಗಿಹೋಗುತ್ತದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಬೆನ್ನಿ ಗುಡ್‌ಮನ್ ಅವರ ವೃಂದಕ್ಕೆ 1937ರಲ್ಲಿ ಬರೆದುಕೊಟ್ಟ ‘ರೋಲ್ ಎಮ್’ ಕೂಡ ಇಂಥದೇ: ಪಿಯಾನೋದ ಎಡಗೈಗೆ ಸೇರಿದ್ದ ಬೂಗಿ-ವೂಗಿಯ ಉರುಳುಗತಿಯನ್ನು ಅದು ಇಡೀ ವೃಂದಕ್ಕೆ ಹಂಚಿಕೊಟ್ಟಿತು.

ಮೇರಿ ಲೂ ಅವರು ಕಾಲಕ್ಕೆ ತಕ್ಕಂತೆ ಶೈಲಿಯನ್ನು ಬದಲಿಸುತ್ತ ಬಂದವರೆಂದು ಮೆಚ್ಚುವವರುಂಟು. ಈ ಮೆಚ್ಚುಗೆಯಲ್ಲಿ ಅಡಗಿರುವ ಆಕ್ಷೇಪವನ್ನು ನಾವು ಎದುರಿಸಬೇಕು: ಬದಲಾಗುತ್ತ ಹೋದವರಿಗೆ ಸ್ವಂತದ್ದೆಂಬುದು ಏನು? 1945ರ ‘ಜೋಡಿಯಾಕ್ ಸೂಟ್’ ಹನ್ನೆರಡು ರಾಶಿಗಳ ಹೆಸರಿನ ಹನ್ನೆರಡು ಖಂಡಗಳ ಕೃತಿ. ಆ ವರ್ಷದ ಡಿಸೆಂಬರ್ 31ರಂದು ನ್ಯೂಯಾರ್ಕಿನ ಟೌನ್ ಹಾಲಿನಲ್ಲಿ ನಡೆದ ವಾದನದಲ್ಲಿ ಲಿಖಿತ ಭಾಗಕ್ಕೂ ಮನೋಧರ್ಮಕ್ಕೂ ಇರಬೇಕಾದ ಬೆಸುಗೆ ಅಲ್ಲಲ್ಲಿ ಸಡಿಲವಾಗಿದೆಯೆಂಬುದನ್ನು ಒಪ್ಪಬೇಕು. ಆದರೆ ಹೊಸ ಸ್ವರಮೇಳಗಳ ಅಡಿಯಲ್ಲಿ ಬ್ಲೂಸ್‌ನ ದನಿ ಎಲ್ಲಿಯೂ ಬತ್ತಿಲ್ಲ. 1950ರ ದಶಕದ ನಡುವೆ ಕೆಲಕಾಲ ವೇದಿಕೆಯನ್ನೇ ತೊರೆದು, 1957ರಲ್ಲಿ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿ ಬರೆದ ಭಕ್ತಿಸಂಗೀತದಲ್ಲಿಯೂ ಆ ದನಿಯೇ ಪ್ರಾರ್ಥನೆಯಾಗಿದೆ.

ನಿರ್ಣಾಯಕವಾದ ಸಾಕ್ಷ್ಯ 1977ರದು. ಆ ವರ್ಷ ಕಾರ್ನೆಗಿ ಹಾಲಿನಲ್ಲಿ ಅವರು ಸೆಸಿಲ್ ಟೇಲರ್ ಅವರೊಡನೆ ಎರಡು ಪಿಯಾನೋಗಳ ಕಛೇರಿ ನಡೆಸಿದರು. ಟೇಲರ್ ಅವರದು ಕಟ್ಟುಗಳನ್ನೆಲ್ಲ ಕಳಚಿದ ವಾದನ. ಇಬ್ಬರ ನಾದವೂ ಕೂಡಲಿಲ್ಲವೆಂಬುದು ಸಾಮಾನ್ಯ ಅಭಿಪ್ರಾಯ. ಕೇಳಿದರೆ ನಮಗೂ ಹಾಗೆಯೇ ತೋರುತ್ತದೆ. ಆದರೆ ಈ ಸೋಲೇ ಮೇಲಿನ ಆಕ್ಷೇಪಕ್ಕೆ ಉತ್ತರವಾಗಿದೆ. ಕೇವಲ ಕಾಲಾನುವರ್ತಿಗಳಾಗಿದ್ದರೆ ಅವರು ಅಂದಿನ ನವ್ಯತೆಗೆ ಸುಲಭವಾಗಿ ಮಣಿಯುತ್ತಿದ್ದರು. ಮಣಿಯದೆ, ಆ ನಾದಪ್ರವಾಹದ ನಡುವೆಯೂ ಬ್ಲೂಸಿನ ನೆಲೆಯನ್ನು ಹಿಡಿದು ನಿಂತರು.

ಅದೇ ವರ್ಷದಿಂದ ಕೊನೆಯವರೆಗೂ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಅವರು ಜಾಝ್ ಚರಿತ್ರೆಯನ್ನು ಬೋಧಿಸಿದರು. ಆ ಚರಿತ್ರೆಯಲ್ಲಿ ಅವರಿಗೆ ಸಲ್ಲಬೇಕಾದ ಸ್ಥಾನವು ಮುನ್ನಡೆಸಿದವರ ಹೆಸರಿನ ಪಕ್ಕದ ಅಡಿಟಿಪ್ಪಣಿಯಲ್ಲ. ಅವರು ನುಡಿಸಿದ ಸಂಗೀತವನ್ನು ಕಟ್ಟಿಕೊಟ್ಟವರ ಸಾಲು ಎಂದು ನಮ್ಮ ನಂಬಿಕೆ.