ಮೂವತ್ತು ಹುಣಸೆ ಬೀಜ

೨೦೨೦ರ ಜುಲೈ. ಕುಲಗೋಡದ ನಮ್ಮ ಓಣಿಯ ಎದುರುಮನೆಯಾಕೆಯ ಗಂಡ ಕೊರೋನಾ ಆಗಿ ಗೋಕಾಕದಲ್ಲಿ ಆಕ್ಸಿಜನ್ ಮೇಲಿದ್ದರು. ಆಕೆ ಪತ್ರಿಕೆಯ ತುಂಡೊಂದನ್ನು ಹಿಡಿದುಕೊಂಡು ಬಂದಳು. "ಅಕ್ಕೋರ, ಬೆಂಗಳೂರಿನ ಔಷಧ ಬಂದೈತಂತ್ರಿ. ತಗೊಂಡವರೊಳಗ ಒಬ್ಬರೂ ಸತ್ತಿಲ್ಲಂತ. ಬೋರಮಾಳ ಒತ್ತಿ ಇಡ್ಲೇನ್ರಿ?"

ನಾನು ಸಮಾಜ ಪಾಠ ಹೇಳುವವಳು. "ಡಾಕ್ಟರನ್ನ ಕೇಳ, ತಂಗಿ" ಎಂದು ಜಾರಿಕೊಂಡೆ. ತುಂಡು ಮಾತ್ರ ನನ್ನ ಕೈಯಲ್ಲೇ ಉಳಿಯಿತು.

ಔಷಧದ ಹೆಸರು ಇಟೋಲಿಜುಮ್ಯಾಬ್. ಬಯೋಕಾನ್ ಕಂಪನಿಯದು; ಮೊದಲು ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಇದ್ದದ್ದು. ಕೊರೋನಾಕ್ಕೆ ಅದನ್ನು ಪರೀಕ್ಷಿಸಿದ್ದು ೩೦ ರೋಗಿಗಳಲ್ಲಿ. ಔಷಧ ಪಡೆದ ೨೦ ಜನರಲ್ಲಿ ತಿಂಗಳೊಳಗೆ ಯಾರೂ ಸಾಯಲಿಲ್ಲ. ಎಂದಿನ ಚಿಕಿತ್ಸೆ ಮಾತ್ರ ಪಡೆದ ೧೦ ಜನರಲ್ಲಿ ಮೂವರು ತೀರಿಕೊಂಡರು. 'ಪಿ' ಬೆಲೆ ೦.೦೨೯೬. ಅದು ೦.೦೫ಕ್ಕಿಂತ ಕಡಿಮೆ, ಆದ್ದರಿಂದ ಸಂಖ್ಯಾಶಾಸ್ತ್ರದ ಪ್ರಕಾರ 'ಗಣನೀಯ'. ಖರ್ಚು ಸುಮಾರು ೩೨ ಸಾವಿರ ರೂಪಾಯಿ.

ಏನಿದು ೦.೦೨೯೬? ನಮ್ಮ ಗಣಿತದ ಮಾಸ್ತರರು ಫೋನಿನಲ್ಲೇ ಬಿಡಿಸಿ ಹೇಳಿದರು. ಮೂವತ್ತು ಹುಣಸೆ ಬೀಜ ತಗೊಳ್ಳಿ, ಮೂರನ್ನು ತಿಕ್ಕಿ ಬಿಳಿ ಮಾಡಿ, ಕಲಸಿ, ಕಣ್ಣು ಮುಚ್ಚಿ ಹತ್ತು ತೆಗೆಯಿರಿ. ಬಿಳಿಯ ಮೂರೂ ಆ ಹತ್ತರಲ್ಲೇ ಬರುವ ಸಂಭವ ೪೦೬೦ಕ್ಕೆ ೧೨೦, ಅಂದರೆ ನೂರಕ್ಕೆ ಮೂರು. ಔಷಧದಲ್ಲಿ ಏನೂ ಗುಣವಿಲ್ಲದಿದ್ದರೂ ಬರಿಯ ಆಕಸ್ಮಿಕದಿಂದ ಇಂಥ ಫಲ ಅಷ್ಟು ಸಲ ಬಂದೀತು. ಔಷಧ ಫಲಿಸುವ ಭರವಸೆ ನೂರಕ್ಕೆ ತೊಂಬತ್ತೇಳು ಎಂದು ಇದರ ಅರ್ಥವಲ್ಲ. ನಾನು ಹಾಗೇ ತಿಳಿದಿದ್ದೆ!

ಮುಂದಿನ ಲೆಕ್ಕ ನನ್ನನ್ನು ಕಾಡಿತು. ಆ ಮೂವರಲ್ಲಿ ಒಬ್ಬರು ಬದುಕಿದ್ದರೆ? ಎರಡೇ ಬಿಳಿ ಬೀಜ. ಸಂಭವ ೪೩೫ಕ್ಕೆ ೪೫, ನೂರಕ್ಕೆ ಹತ್ತು. 'ಗಣನೀಯ' ಎಂಬ ಮಾತೇ ಬಿದ್ದುಹೋಗುತ್ತದೆ. ಒಬ್ಬರ ಉಸಿರಿನ ಮೇಲೆ ನಿಂತ ಲೆಕ್ಕ ಅದು. ಹತ್ತೇ ಜನರ ಗುಂಪಿಗೆ ಹೆಚ್ಚು ಬಳಲಿದವರು ಇಬ್ಬರು ಅಕಸ್ಮಾತ್ತಾಗಿ ಸೇರಿದರೂ ಸಾಕಲ್ಲ, ಎಲ್ಲ ಏರುಪೇರು. ಪತ್ರಿಕೆಯವರು 'ಒಬ್ಬರೂ ಸತ್ತಿಲ್ಲ' ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿ, 'ಮೂವತ್ತು' ಎಂಬುದನ್ನು ಕೊನೆಯ ಸಾಲಿಗೆ ತಳ್ಳಿದ್ದರು. ನನ್ನ ತಕರಾರು ಅಲ್ಲಿದೆ.

ಅದೇ ಜೂನ್‌ನಲ್ಲಿ ಇಂಗ್ಲೆಂಡಿನಿಂದ ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಸ್ಟೆರಾಯ್ಡಿನ ಸುದ್ದಿ ಬಂದಿತ್ತು. ಪಡೆದ ೨೧೦೪ ಜನರಲ್ಲಿ ನೂರಕ್ಕೆ ೨೨.೯, ಪಡೆಯದ ೪೩೨೧ ಜನರಲ್ಲಿ ೨೫.೭ ಸಾವು. ನೋಡಲು ಸಣ್ಣ ಅಂತರ. ಆದರೆ ಒಬ್ಬಿಬ್ಬರು ಆಚೀಚೆಯಾದರೆ ಅಲುಗುವಂಥದಲ್ಲ.

ಇಟೋಲಿಜುಮ್ಯಾಬ್‌ಗೆ ಸರಕಾರ ತುರ್ತು ಬಳಕೆಯ ಒಪ್ಪಿಗೆ ಕೊಟ್ಟಿತ್ತು. ಗೋಕಾಕದ ಡಾಕ್ಟರು ಅದು ಬೇಡವೆಂದು ಡೆಕ್ಸಾಮೆಥಾಸೋನ್ ಕೊಟ್ಟರು. ಹನ್ನೆರಡು ದಿನಕ್ಕೆ ಆಕೆಯ ಗಂಡ ಮನೆಗೆ ಬಂದರು. ಬೋರಮಾಳ ಕೊರಳಲ್ಲೇ ಉಳಿಯಿತು. "ಆ ಇಂಜೆಕ್ಷನ್ನಿನಿಂದನ ಉಳದಾರ ನೋಡ್ರಿ" ಎಂದು ಆಕೆ ಇಂದಿಗೂ ಹೇಳುತ್ತಾಳೆ. ಒಬ್ಬರನ್ನು ನೋಡಿ ಹಾಗೆ ಹೇಳಲಾಗದೆಂದು ನನಗೆ ಗೊತ್ತು. ಹೂಂ ಅನ್ನುತ್ತೇನೆ.